ಇಪ್ಪತ್ತೇಳನೇ ನಂಬರ್ ವಾಪಸ್ ಕೊಟ್ಟವರು

ಅಕ್ಷರ ಕೋಳಿ ಕೆದರಿದ ಹಾಗಿದೆ, ಓದುವವರು ದಯವಿಟ್ಟು ಕ್ಷಮಿಸಬೇಕು. ಬರೆದವಳು ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ದೊಡ್ಡ ಮಾತುಗಳು ಗೊತ್ತಿಲ್ಲ, ಗೊತ್ತಿರುವ ಮಾತುಗಳಲ್ಲೂ ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಪ್ರತಿ ಸಲ ಅನುಮಾನ. ಕೆಲಸಕ್ಕೆ ಹೋಗುವ ಹೆಂಗಸರ ಗುಂಪಿನ ಹಾಜರಿ ಪುಸ್ತಕ ಅವಳ ಕೈಯಲ್ಲಿರುವುದರಿಂದ ಇದನ್ನೂ ಅವಳೇ ಬರೆಯಬೇಕಾಯಿತು. ಕಳೆದ ಸಭೆಯಲ್ಲಿ ಹನ್ನೊಂದು ಜನ ನಡುವೆಯೇ ಎದ್ದು ಹೋದರು. ಅವರು ಕೇಳಿದ್ದು ಅರ್ಧ. ಉಳಿದರ್ಧ ಅವರಿಗೂ ಸಿಗಲಿ ಎಂದು, ಚಿಕ್ಕಮ್ಮ ಹೇಳಿದಷ್ಟನ್ನೇ ಬರೆದು, ಅವಳಿಗೆ ಎರಡು ಸಲ ಓದಿ ಹೇಳಿ, ಅವಳು ಹೂಂ ಎಂದ ಮೇಲೆ ಇಲ್ಲಿ ಇಳಿಸಿದ್ದು.

ಚಿಕ್ಕಮ್ಮನನ್ನು ಗುಂಪಿನವರು ಸ್ಟೇಷನ್ ಅಕ್ಕ ಎನ್ನುತ್ತಾರೆ. ರೈಲಿನ ಸ್ಟೇಷನ್ ಅಲ್ಲ, ಪೊಲೀಸರದ್ದೂ ಅಲ್ಲ, ಊರಿಗೆ ಕರೆಂಟು ಹಂಚುವ ಸಬ್‌ಸ್ಟೇಷನ್. ಅಲ್ಲಿ ಅವಳು ಹನ್ನೆರಡು ವರ್ಷದಿಂದ ಆಪರೇಟರ್. ಅವಳ ಮುಂದಿನ ಫಲಕದಲ್ಲಿ ಆರು ಹಿಡಿಕೆಗಳಿವೆ. ಒಂದೊಂದು ಹಿಡಿಕೆಗೂ ಊರಿನ ಒಂದೊಂದು ದಿಕ್ಕು. ತಿರುಗಿಸಿದರೆ ಆ ದಿಕ್ಕಿಗೆ ಕರೆಂಟು ಬರುತ್ತದೆ, ಇಲ್ಲವೇ ಹೋಗುತ್ತದೆ. ಅರ್ಧ ಊರನ್ನು ಅಂಗೈಯಲ್ಲಿಟ್ಟುಕೊಂಡ ಇಂಥವಳು ಹುಟ್ಟಾ ಪುಕ್ಕಲಿ ಎಂದರೆ ಯಾರೂ ನಂಬುವುದಿಲ್ಲ.

ಏಳು ವರ್ಷದವಳಿದ್ದಾಗ ಒದ್ದೆ ಕೈಯಲ್ಲಿ ಅಡುಗೆಮನೆಯ ಸ್ವಿಚ್ಚು ಮುಟ್ಟಿ ಗೋಡೆಗೆ ಹೋಗಿ ಬಿದ್ದಿದ್ದಳು. ಅಲ್ಲಿಂದ ಮುಂದೆ ಮದುವೆಯಾಗುವ ತನಕ ದೀಪ ಹಾಕುವುದು ಮರದ ಸೌಟಿನಿಂದಲೇ. ಸೌಟು ಕಾಣದಿದ್ದರೆ ಕತ್ತಲಲ್ಲೇ ಕೂರುತ್ತಿದ್ದಳು. "ಇವಳನ್ನ ಸೀಮೆಎಣ್ಣೆ ದೀಪದ ಮನೆಗೇ ಕೊಡಬೇಕು ಕಣ್ರೀ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಅದೇ ಹುಡುಗಿ ಶಾಲೆ ಮುಗಿಸಿ, ನಲವತ್ತು ಹುಡುಗರ ನಡುವೆ ಒಬ್ಬಳೇ ಕೂತು ಎಲೆಕ್ಟ್ರಿಷಿಯನ್ ಕೋರ್ಸು ಮಾಡುತ್ತೇನೆಂದಾಗ ಮನೆಯವರು ಬಿದ್ದು ಬಿದ್ದು ನಕ್ಕರು. ಯಾಕೇ ಎಂದು ಅವಳ ಅಕ್ಕ, ಅಂದರೆ ಇದನ್ನು ಬರೆದವಳ ಅಮ್ಮ, ಕೇಳಿದಳು. "ಹಾವಿಗೆ ಹೆದರೋರು ಹಾವು ಎಲ್ಲಿದೆ ಅಂತ ನೋಡ್ಕೊಂಡೇ ಮಲಗೋದು ಅಲ್ವಾ? ಹಾಗೇ" ಎಂದಳು ಚಿಕ್ಕಮ್ಮ.

ಕೆಲಸಕ್ಕೆ ಸೇರಿದ ದಿನ ಅಲ್ಲಿದ್ದ ಹಿರಿಯ ಆಪರೇಟರು ಅವಳ ಬೆವರಿದ ಕೈ ನೋಡಿ ಒಂದು ಮಾತು ಹೇಳಿದ್ದರು. "ಹೆದರಿಕೆ ಇರಲಿ ಮಗಳೇ, ಅದನ್ನ ಮನೇಲಿ ಬಿಟ್ಟು ಬರಬೇಡ. ಲೈನ್ ಕ್ಲಿಯರ್ ಕೊಟ್ಟಾಗ ನಂಬರ್ ಪುಸ್ತಕದಲ್ಲಿರುತ್ತೆ. ಆದ್ರೆ ತಗೊಂಡವನ ದನಿ ನಿನ್ನ ಕಿವೀಲಿರಬೇಕು. ಹಿಡಿಕೆ ತಿರುಗಿಸೋಕೆ ಮುಂಚೆ ಆ ದನೀನ ಒಂದ್ಸಲ ನೆನೆಸ್ಕೋ."

ಈ ಲೈನ್ ಕ್ಲಿಯರ್ ಎಂದರೇನು ಎಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಕಂಬ ಹತ್ತಿ ತಂತಿ ಮುಟ್ಟುವವರು ಹತ್ತುವ ಮುಂಚೆ ಸ್ಟೇಷನ್ನಿಗೆ ಫೋನ್ ಮಾಡಿ ಆ ಲೈನಿನ ಕರೆಂಟು ತೆಗೆಸುತ್ತಾರೆ. ಆಪರೇಟರು ತೆಗೆದು, ತಪ್ಪಿ ಕರೆಂಟು ಬಂದರೂ ಮಣ್ಣಿಗೆ ಇಳಿಯಲಿ ಎಂದು ಲೈನನ್ನು ನೆಲಕ್ಕೆ ಜೋಡಿಸಿ, ಹಿಡಿಕೆಗೆ ಕೆಂಪು ಹಲಗೆ ನೇತುಹಾಕಿ ಒಂದು ನಂಬರ್ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಯಾರು ತಗೊಂಡರೋ ಅವರೇ, ತಮ್ಮ ಬಾಯಿಂದಲೇ ಆ ನಂಬರ್ ಹೇಳಿ ವಾಪಸ್ ಕೊಡಬೇಕು. ಆಮೇಲೆಯೇ ಮತ್ತೆ ಕರೆಂಟು ಬಿಡುವುದು. ಬೇರೆ ಯಾರು ಹೇಳಿದರೂ, ಸಾಹೇಬರೇ ಬಂದು ಹೇಳಿದರೂ ಬಿಡುವ ಹಾಗಿಲ್ಲ. ಇಷ್ಟೇ ಕಾನೂನು. ಮೇಲಿರುವವರ ಜೀವ ಈ ಕಾನೂನಿಗೇ ಜೋತುಬಿದ್ದಿರುತ್ತದೆ.

ಗುಂಪು ಶುರುವಾದದ್ದು ಬೂಟಿನಿಂದ. ಎರಡು ವರ್ಷದ ಹಿಂದೆ ಇಲಾಖೆಯ ಉಗ್ರಾಣದಲ್ಲಿ ರಬ್ಬರ್ ಬೂಟು ಹಂಚುತ್ತಿದ್ದರು. ಇದ್ದದ್ದರಲ್ಲಿ ಚಿಕ್ಕದೇ ಎಂಟನೇ ನಂಬರ್. ಸಾಲಿನಲ್ಲಿ ಮೂವರೇ ಹೆಂಗಸರು: ಚಿಕ್ಕಮ್ಮ, ಮನೆ ಮನೆಗೆ ಹೋಗಿ ಮೀಟರ್ ಓದುವ ಮೀಟರ್ ಅಕ್ಕ, ಮತ್ತೆ ಆಗತಾನೇ ಲೈನ್ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿ. ಈ ಹುಡುಗಿ ಗಿಡ್ಡಕ್ಕೆ, ಸಣ್ಣಗೆ, ಕಂಬದ ಮೇಲೆ ಕೂತರೆ ಹಕ್ಕಿ ಕೂತ ಹಾಗೆ ಕಾಣುತ್ತಾಳೆಂದು ಎಲ್ಲರಿಗೂ ಗುಬ್ಬಿ. ಊರಿನಲ್ಲಿ ಕಂಬ ಹತ್ತಿದ ಮೊದಲ ಹೆಣ್ಣು ಅವಳೇ.

"ಹೆಂಗಸರ ಸೈಜ್ ಇಲ್ಲಮ್ಮ. ಕಾಲು ಬೆಳೆಸ್ಕೊಂಡು ಬನ್ನಿ" ಎಂದ ಉಗ್ರಾಣದವನು.

"ನಾಲಿಗೆ ಬೆಳೆಸ್ಕೊಂಡಿದ್ದೀರಲ್ಲ ನೀವು, ಅದಕ್ಕೆ ಯಾವ ನಂಬರ್ ಹಾಕ್ತೀರಿ?" ಎಂದಳು ಮೀಟರ್ ಅಕ್ಕ. ದಿನಕ್ಕೆ ನೂರು ಬಾಗಿಲು ತಟ್ಟಿ, ನಾಯಿ, ಬೈಗುಳ ಎರಡನ್ನೂ ತಿಂದು ಜೀರ್ಣಿಸಿಕೊಂಡ ಬಾಯಿ ಅದು.

ಮೂವರೂ ಅಲ್ಲೇ ನಿಂತು ಅರ್ಜಿ ಬರೆದರು. ನಾಲ್ಕು ತಿಂಗಳಿಗೆ ಐದನೇ ನಂಬರಿನ ಬೂಟು ಬಂತು. ಸುದ್ದಿ ಹರಡಿತು. ಪೆಟ್ರೋಲ್ ಬಂಕಿನವಳು ಕೇಳಿಕೊಂಡು ಬಂದಳು, ಛಾವಣಿಯ ಮೇಲೆ ಸೋಲಾರ್ ಕೂರಿಸುವವಳು ಬಂದಳು, ಗ್ಯಾಸ್ ಏಜೆನ್ಸಿಯ ಗುಮಾಸ್ತೆ ಬಂದಳು. ಎಲ್ಲಿ ಕೆಲಸ ಖಾಲಿಯಿದೆ, ಯಾವ ತರಬೇತಿಗೆ ಅರ್ಜಿ ಕರೆದಿದ್ದಾರೆ, ಬಸುರಿಯಾದವಳಿಗೆ ಯಾವ ರಜೆ ಸಿಗುತ್ತದೆ ಎಂಬುದೆಲ್ಲ ಫೋನಿನ ಗುಂಪಿನಲ್ಲಿ ಓಡಾಡತೊಡಗಿತು. ಐದನೇ ನಂಬರ್ ಗುಂಪು ಎಂದೇ ಹೆಸರಾಯಿತು. ತಿಂಗಳಿಗೊಂದು ಶನಿವಾರ ನಾಲ್ಕು ಗಂಟೆಗೆ ಸಭೆ. ಜಾಗ ಚಿಕ್ಕಪ್ಪನ ಹೊಲಿಗೆ ಅಂಗಡಿಯ ಮಹಡಿ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಕೂರುವುದು. ಚಿಕ್ಕಪ್ಪ ಇವತ್ತಿಗೂ ಕಾಲಲ್ಲಿ ತುಳಿಯುವ ಮೆಷಿನ್ನನ್ನೇ ಇಟ್ಟುಕೊಂಡಿದ್ದಾನೆ. ಕರೆಂಟಿನ ಮೆಷಿನ್ ತಗೊಳ್ಳಿ ಎಂದವರಿಗೆಲ್ಲ, "ಮನೇಲಿ ಒಬ್ಬಳು ಕರೆಂಟಿನವಳು ಇದ್ದಾಳಲ್ಲ, ಸಾಕು" ಎನ್ನುತ್ತಾನೆ.

ಫೋನಿನಲ್ಲಿ ಮೂವತ್ತೆಂಟು ಹೆಸರಾದವು. ಆದರೆ ಸಭೆಗೆ ಬರುವವರು ಒಂಬತ್ತು, ಹತ್ತು. ಕೇಳಿದರೆ ಒಬ್ಬೊಬ್ಬರದೂ ಒಂದೊಂದು ನೆಪ. ನಿಜವಾದದ್ದು ಹೆದರಿಕೆ. ಗುಂಪು ಕಟ್ಟಿದ್ದಾಳೆ, ನಾಳೆ ಬಾವುಟ ಹಿಡಿಯುತ್ತಾಳೆ ಎಂದು ಮೇಲಿನವರು ಅಂದುಕೊಂಡರೆ? ಚಿಕ್ಕಮ್ಮ ಒಬ್ಬೊಬ್ಬರ ಮನೆಗೂ ಹೋದಳು. "ನನಗಿಂತ ಪುಕ್ಕಲಿ ಯಾರಿದ್ದೀರಿ ತೋರಿಸಿ. ನಾನೇ ಬರ್ತೀನಿ, ನೀವು ಬರಲ್ವಾ?" ಎಂದಳು. ಹಾಗೆ ಎರಡು ವರ್ಷ ಬೀದಿ ಬೀದಿ ತಿರುಗಿದ್ದರ ಫಲವಾಗಿ, ಮುಂದಿನ ಸಭೆಗೆ ಇಪ್ಪತ್ತಾರು ಜನ ಬರುತ್ತೇವೆಂದರು. ಇಲಾಖೆಯ ಸುರಕ್ಷತಾ ವಿಭಾಗದ ಮೇಡಂ ಕೂಡ ಬರಲು ಒಪ್ಪಿದರು. ಅವರಿಗೆ ಹಿಡಿಸಿದರೆ ತರಬೇತಿ ಕಟ್ಟಡದಲ್ಲೇ ಗುಂಪಿಗೊಂದು ಕೋಣೆ ಸಿಗುತ್ತದೆ ಎಂಬ ಮಾತಿತ್ತು.

ಆ ಸಭೆಗೆ ಹದಿನೇಳು ದಿನ ಇರುವಾಗ ಅದು ನಡೆಯಿತು.

ಬೆಳಗಿನ ಪಾಳಿ. ಒಂಬತ್ತು ನಲವತ್ತಕ್ಕೆ ಗುಬ್ಬಿ ಫೋನ್ ಮಾಡಿದಳು. "ಅಕ್ಕಾ, ಮಾರ್ಕೆಟ್ ಲೈನಿಗೆ ಲೈನ್ ಕ್ಲಿಯರ್ ಬೇಕು. ಹಳೇ ಟಾಕೀಸ್ ಹಿಂದಿನ ಕಂಬದಲ್ಲಿ ತಂತಿ ಕೂರಿಸೋ ಪಿಂಗಾಣಿ ಒಡೆದಿದೆ, ಬದಲಾಯಿಸಬೇಕು." ಚಿಕ್ಕಮ್ಮ ಹಿಡಿಕೆ ತಿರುಗಿಸಿದಳು. ಹೊರಗೆ ಯಾರ್ಡಿಗೆ ಹೋಗಿ, ಉದ್ದನೆಯ ಕೋಲಿನಿಂದ ಲೈನನ್ನು ನೆಲಕ್ಕೆ ಜೋಡಿಸಿದಳು. ಹಲಗೆ ನೇತುಹಾಕಿದಳು. "ಇಪ್ಪತ್ತೇಳು" ಎಂದಳು. "ಇಪ್ಪತ್ತೇಳು" ಎಂದಿತು ಆ ಕಡೆಯ ದನಿ, ಯಾವಾಗಲೂ ಸ್ವಲ್ಪ ಮೂಗಿನಿಂದ ಬರುವ ದನಿ.

ಹನ್ನೊಂದು ಗಂಟೆಗೆ ಸಾಹೇಬರ ಫೋನ್ ಶುರುವಾಯಿತು. ಮಾರ್ಕೆಟ್ಟಿನವರು ಗಲಾಟೆ ಮಾಡುತ್ತಿದ್ದಾರೆ, ಐಸ್ ಕಾರ್ಖಾನೆಯವರು ಮೂರು ಸಲ ಫೋನ್ ಮಾಡಿದರು, ನೀರಿನ ಪಂಪು ನಿಂತಿದೆ. "ಆ ಹುಡುಗಿ ಅಲ್ಲೇನು ಗೂಡು ಕಟ್ತಿದ್ದಾಳಾ?" ಎಂದರು.

ಹನ್ನೊಂದು ಹನ್ನೆರಡಕ್ಕೆ ಇನ್ನೊಂದು ಫೋನ್. ಮೀಟರ್ ಅಕ್ಕ. "ಅಕ್ಕಾ, ನಾನು ಇಲ್ಲೇ ಟಾಕೀಸ್ ಹಿಂದೆ ಮೀಟರ್ ಓದ್ತಿದ್ದೆ. ಗುಬ್ಬಿ ಕೆಲಸ ಮುಗಿಸಿ ಇಳಿದಳು. ಅವಳ ಫೋನ್ ಸತ್ತುಹೋಗಿದೆ. ನೀನೇ ಹೇಳಿಬಿಡಕ್ಕಾ ಅಂದ್ಲು. ಇಪ್ಪತ್ತೇಳು ವಾಪಸ್. ನಾನು ಮುಂದಿನ ಬೀದಿಗೆ ಹೊರಟೆ, ಆಯ್ತಾ?"

"ಆಯ್ತಮ್ಮ" ಎಂದಳು ಚಿಕ್ಕಮ್ಮ.

ಹನ್ನೆರಡು ವರ್ಷದಲ್ಲಿ ಅವಳು ಹೀಗೆ ಆಯ್ತು ಎಂದವಳಲ್ಲ. ಒಂದು ಸಲ ಮೇಸ್ತ್ರಿಯೊಬ್ಬ ತನ್ನ ಹುಡುಗನ ಪರವಾಗಿ ನಂಬರ್ ವಾಪಸ್ ಕೊಡಲು ಫೋನ್ ಮಾಡಿದಾಗ, "ನಿಮ್ಮಪ್ಪನ ಮೇಲಾಣೆ ಇಟ್ರೂ ಬಿಡಲ್ಲ" ಎಂದು ಫೋನ್ ಇಟ್ಟವಳು. ಇದು ಗಂಡಸರ ದನಿಯಾಗಿದ್ದರೆ ಅವತ್ತೂ ಹಾಗೆಯೇ ಅನ್ನುತ್ತಿದ್ದಳು. ಮೀಟರ್ ಅಕ್ಕ, ಗುಬ್ಬಿ, ತಾನು ಮೂವರೂ ಒಂದೇ ಎಂದು ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳಲ್ಲ, ಆ ಮಾತು ಅವಳ ಕೈಯನ್ನೇ ಹಿಡಿದು ನಡೆಸಿತು.

ಪುಸ್ತಕ ತೆರೆದಳು. "ವಾಪಸ್ ಪಡೆದ ಸಮಯ" ಎಂಬ ಕಡೆ ೧೧.೧೨ ಎಂದು ಬರೆದಳು. "ವಾಪಸ್ ಕೊಟ್ಟವರು" ಎಂಬ ಕಡೆ ಗುಬ್ಬಿಯ ಹೆಸರು ಬರೆದಳು. ಯಾರ್ಡಿಗೆ ಹೋಗಿ ಲೈನಿನಿಂದ ನೆಲಕ್ಕಿದ್ದ ಜೋಡಣೆ ಬಿಡಿಸಿದಳು. ಒಳಗೆ ಬಂದು ಕೆಂಪು ಹಲಗೆ ತೆಗೆದಳು. ಸಾಹೇಬರ ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು. ಹಿಡಿಕೆಯ ಮೇಲೆ ಕೈಯಿಟ್ಟಳು.

ಹನ್ನೆರಡು ವರ್ಷದ ಅಭ್ಯಾಸ. ಕಣ್ಣು ಮುಚ್ಚಿ, ನಂಬರ್ ವಾಪಸ್ ಕೊಟ್ಟ ದನಿಯನ್ನು ನೆನೆಸಿಕೊಂಡಳು. ಮೂಗಿನ ದನಿ ಬರಲಿಲ್ಲ. ಮೀಟರ್ ಅಕ್ಕನ ದಪ್ಪ ದನಿ ಬಂತು.

ಕೈ ಹಿಡಿಕೆಗೆ ಅಂಟಿಕೊಂಡ ಹಾಗಾಯಿತು. ಒಂದೊಂದೇ ಬೆರಳು ಬಿಡಿಸಿ ತೆಗೆದಳು. ಪುಸ್ತಕದಲ್ಲಿ ಬರೆದ ಹೆಸರಿನ ಶಾಯಿ ಇನ್ನೂ ಆರಿರಲಿಲ್ಲ. ಆ ಹೆಸರಿನವಳು ಇವಳಿಗೆ ಏನೂ ಹೇಳಿರಲಿಲ್ಲ.

ಗುಬ್ಬಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮೀಟರ್ ಅಕ್ಕನಿಗೆ ಮಾಡಿದಳು.

"ಇಳಿದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಲ್ಲ ಅಕ್ಕಾ. ಮೂರು ಬೀದಿ ದಾಟಿ ಬಂದುಬಿಟ್ಟಿದ್ದೀನಿ. ನಿಮ್ಮದು ಹೆದರಿಕೆ ರೋಗ ಕಣ್ರೀ, ಇದಕ್ಕೆ ಮದ್ದಿಲ್ಲ."

"ರೋಗಾನೇ ಅಂದ್ಕೋ. ವಾಪಸ್ ಹೋಗು. ಓಡು. ನಿನ್ನ ಕಾಲಿಗೆ ಬೀಳ್ತೀನಿ, ಓಡು."

ಮುಂದಿನ ಹತ್ತು ನಿಮಿಷವನ್ನು ಚಿಕ್ಕಮ್ಮ ಮೂರು ಸಲ ಹೇಳಿದ್ದಾಳೆ, ಮೂರು ಸಲವೂ ನಡುವೆ ನಿಲ್ಲಿಸಿದ್ದಾಳೆ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಪ್ರತಿ ಸುತ್ತಿಗೂ ಸ್ವಲ್ಪ ತಡವರಿಸುತ್ತದೆ ಎಂಬುದನ್ನು ಹನ್ನೆರಡು ವರ್ಷದಲ್ಲಿ ಅವತ್ತು ಮೊದಲ ಸಲ ನೋಡಿದಳಂತೆ. ಸಾಹೇಬರು ಕೂಗುತ್ತಿದ್ದರು, ಅವಳು "ಬ್ರೇಕರಿನ ಸ್ಪ್ರಿಂಗು ಏರ್ತಿಲ್ಲ ಸಾರ್, ಹಿಡಿಕೆ ತಿರುಗ್ತಿಲ್ಲ, ಸ್ವಲ್ಪ ಇರಿ" ಎಂದಳು. ಅದು ಅವತ್ತಿನ ಎರಡನೇ ಸುಳ್ಳು. ಮೊದಲನೆಯದು ಪುಸ್ತಕದಲ್ಲಿತ್ತು. ಯಾರ್ಡಿಗೆ ಓಡಿ ಲೈನನ್ನು ಮತ್ತೆ ನೆಲಕ್ಕೆ ಜೋಡಿಸಿ, ಹಲಗೆಯನ್ನು ಮತ್ತೆ ನೇತುಹಾಕಿ, ಹಿಡಿಕೆಗೆ ಬೆನ್ನು ಕೊಟ್ಟು ನಿಂತಳು. ಯಾರಾದರೂ ಬಂದು ತಿರುಗಿಸಿಬಿಟ್ಟರೆ ಎಂಬ ಭಯ. ಕೋಣೆಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ.

ಫೋನ್ ಬಂತು. ಮೀಟರ್ ಅಕ್ಕನಿಗೆ ಉಸಿರೇ ಸಿಗುತ್ತಿರಲಿಲ್ಲ. "ಹಾಕಬೇಡಿ ಅಕ್ಕಾ. ಹಾಕಬೇಡಿ. ಮೇಲಿದ್ದಾಳೆ. ತಂತಿ ಹಿಡ್ಕೊಂಡಿದ್ದಾಳೆ ಅಕ್ಕಾ."

ಗುಬ್ಬಿ ಇಳಿದದ್ದು ನಿಜ. ಮೀಟರ್ ಅಕ್ಕ ಆ ಕಡೆ ಹೋದ ಮೇಲೆ ತಲೆಯೆತ್ತಿ ನೋಡಿದರೆ ಕಂಬದ ಅಡ್ಡಪಟ್ಟಿಯ ಮೇಲೆ ತನ್ನ ಇಕ್ಕಳ ಬಿಟ್ಟುಬಂದದ್ದು ಕಂಡಿದೆ. ಸ್ಟೇಷನ್ನಿಗೆ ತಿಳಿಸಲು ಫೋನಿಲ್ಲ. ಇಷ್ಟು ಬೇಗ ಎಲ್ಲಿ ಬಿಡುತ್ತಾರೆ, ಒಂದು ನಿಮಿಷದ ಕೆಲಸ ಎಂದು ಹತ್ತಿದ್ದಾಳೆ. ಹತ್ತಿದ ಮೇಲೆ ತಂತಿಯ ಒಂದು ಕಟ್ಟು ಸಡಿಲ ಕಂಡಿದೆ, ಬಿಗಿ ಮಾಡೋಣ ಎಂದು ಕೂತಿದ್ದಾಳೆ.

ಅವಳು ಇಳಿದು, ಮೀಟರ್ ಅಕ್ಕನ ಫೋನಿನಿಂದ ತನ್ನ ಮೂಗಿನ ದನಿಯಲ್ಲಿ "ಇಪ್ಪತ್ತೇಳು ವಾಪಸ್" ಎಂದಾಗ ಹನ್ನೊಂದು ಮೂವತ್ತೆಂಟು. ಚಿಕ್ಕಮ್ಮ ಕರೆಂಟು ಬಿಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು.

ಏನೂ ಆಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಆದರೆ ಪುಸ್ತಕದಲ್ಲಿ ಒಂದು ಸಾಲು ಉಳಿಯಿತು. ೧೧.೧೨ಕ್ಕೆ ಲೈನ್ ಕ್ಲಿಯರ್ ವಾಪಸ್ ಬಂದಿದೆ, ೧೧.೩೮ಕ್ಕೆ ಕರೆಂಟು ಬಿಟ್ಟಿದೆ, ನಡುವಿನ ಇಪ್ಪತ್ತಾರು ನಿಮಿಷಕ್ಕೆ ಮಾತಿಲ್ಲ.

ಮರುದಿನ ಸಂಜೆ ಮೂವರೂ ಗುಬ್ಬಿಯ ಬಾಡಿಗೆ ಕೋಣೆಯಲ್ಲಿ ಸೇರಿದರು. ಗುಬ್ಬಿ ಚಹಾ ಮಾಡಿ ಲೋಟಗಳನ್ನು ಒಲೆಯ ಪಕ್ಕದಲ್ಲೇ ಮರೆತಳು.

"ಏನೂ ಆಗ್ಲಿಲ್ವಲ್ಲ, ಬಿಡಿ" ಎಂದಳು ಮೀಟರ್ ಅಕ್ಕ. "ಇವಳದ್ದು ಇನ್ನೂ ಪ್ರೊಬೇಷನ್. ನಂದು ವರ್ಷ ವರ್ಷದ ಗುತ್ತಿಗೆ. ಬಾಯಿ ಬಿಟ್ರೆ ಮೊದಲು ಹೋಗೋದು ನಾವಿಬ್ರು."

"ಪುಸ್ತಕದಲ್ಲಿ ಸುಳ್ಳು ಬರೆದಿದ್ದೀನಿ ಕಣೇ."

"ಪುಸ್ತಕ ಏನು ಮಾತಾಡುತ್ತಾ? ಹಾಳೆ ತಿರುಗಿಸಿ. ಗಂಡಸರ ಬಾಯಿಗೆ ಸಿಕ್ರೆ ಏನಂತಾರೆ ಗೊತ್ತಲ್ಲ? ಹೆಂಗಸರು ಕಂಬ ಹತ್ತಿದ್ರೆ ಹೀಗೇ ಅಂತಾರೆ. ನೀವು ಮನೆ ಮನೆಗೆ ಹೋಗಿ ಕರೆದ ಇಪ್ಪತ್ತಾರು ಜನ ಹಾಗೇ ವಾಪಸ್ ಹೋಗ್ತಾರೆ."

ಆ ಮಾತೂ ಸುಳ್ಳಲ್ಲ.

ಚಿಕ್ಕಮ್ಮ ಹದಿನಾರು ದಿನ ಸುಮ್ಮನಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸಾಹೇಬರು ಸ್ಟೇಷನ್ನಿನ ಬಾಗಿಲಿಗೆ ಬಂದರೆ ಸಾಕು ಪುಸ್ತಕದ ಮೇಲೆ ಕೈಯಿಡುತ್ತಿದ್ದಳು. ಒಂದು ದಿನ ಅವರು "ಪೆನ್ ಕೊಡಮ್ಮ" ಎಂದದ್ದಕ್ಕೆ ಬೆವತು ನೀರಾದಳು. ಮನೆಯಲ್ಲಿ ಹಳೆಯ ಮರದ ಸೌಟು ಎಲ್ಲಿಂದಲೋ ಹೊರಗೆ ಬಂತು. ಸ್ನಾನದ ಮನೆಯ ದೀಪ ಹಾಕಲು ಅವಳು ಅದನ್ನು ಹಿಡಿದುಕೊಂಡದ್ದನ್ನು ನೋಡಿ, ಇದನ್ನು ಬರೆಯುತ್ತಿರುವ ಅಕ್ಕನ ಮಗಳು ನಕ್ಕಳು. ಚಿಕ್ಕಮ್ಮ ನಗಲಿಲ್ಲ. "ತಿಂಗಳಿಗೆ ಹತ್ತಿಪ್ಪತ್ತು ಸಲ ಲೈನ್ ಕ್ಲಿಯರ್ ಕೊಡ್ತೀನಿ" ಎಂದಳು. "ಈಗ ಕಣ್ಣು ಮುಚ್ಚಿದ್ರೆ ಯಾರ ದನಿಯೂ ಬರ್ತಾ ಇಲ್ಲ ಕಣೇ."

ಸಭೆಯ ದಿನ ಬಂತು. ಇಪ್ಪತ್ತನಾಲ್ಕು ಜನ ಸೇರಿದರು. ಕುರ್ಚಿ ಸಾಲದೆ ಚಿಕ್ಕಪ್ಪ ಬಟ್ಟೆಯ ಥಾನುಗಳನ್ನು ಅಡ್ಡ ಮಲಗಿಸಿ ಬೆಂಚು ಮಾಡಿಕೊಟ್ಟ. "ಕೂತ್ಕೊಳ್ಳಿ, ಆದ್ರೆ ಬಿಸ್ಕತ್ತಿನ ಪುಡಿ ಬೀಳಿಸಬೇಡಿ, ಅದು ಮದುಮಗನ ಕೋಟಿನ ಬಟ್ಟೆ" ಎಂದು ಕೆಳಗಿಳಿದು ಹೋದ. ಸುರಕ್ಷತಾ ವಿಭಾಗದ ಮೇಡಂ ಕಿಟಕಿಯ ಪಕ್ಕ ಕೂತರು. ತೆಳ್ಳಗಿನ ಹೆಂಗಸು, ಕಡಿಮೆ ಮಾತು. ಗುಬ್ಬಿ ಎಲ್ಲರಿಗಿಂತ ಹಿಂದೆ. ಮೀಟರ್ ಅಕ್ಕ ಮೇಜಿನ ಮೇಲಿದ್ದ ದರ್ಜಿಯ ಸೀಮೆಸುಣ್ಣ ಹಿಡಿದು ಆಡಿಸುತ್ತಾ ಎಲ್ಲರನ್ನೂ ನಗಿಸುತ್ತಿದ್ದಳು. ಚಿಕ್ಕಮ್ಮನ ಕೈಯಲ್ಲಿ ಭಾಷಣದ ಹಾಳೆಯಿತ್ತು: ಗುಂಪಿನಿಂದ ನಮಗಾದ ಉಪಯೋಗಗಳು.

ಅಕ್ಕನ ಮಗಳು ಹಾಜರಿ ಕರೆಯತೊಡಗಿದಳು. ಗ್ಯಾಸ್ ಏಜೆನ್ಸಿಯ ಗುಮಾಸ್ತೆಯ ಹೆಸರು ಬಂದಾಗ ಉತ್ತರವಿಲ್ಲ. ಬಂಕಿನವಳು ಹೇಳಿದಳು, "ಬಂದಿದ್ದಾಳಮ್ಮ, ಕೆಳಗೆ ಸ್ಕೂಟರ್ ನಿಲ್ಲಿಸ್ತಿದ್ದಾಳೆ. ಹಾಕ್ಕೋ."

ಹುಡುಗಿ ಗುರುತು ಹಾಕಿದಳು.

"ಅವಳ ದನಿ ಕೇಳಿದ್ಯೇನೇ?" ಎಂದಳು ಚಿಕ್ಕಮ್ಮ.

"ಇಲ್ಲ ಚಿಕ್ಕಮ್ಮ."

"ಮತ್ತೆ ಯಾಕೆ ಹಾಕ್ದೆ? ಅಳಿಸು."

"ಅಯ್ಯೋ, ನಾನೇನು ಸುಳ್ಳು ಹೇಳ್ತೀನಾ ಅಕ್ಕಾ?" ಬಂಕಿನವಳು ನಕ್ಕಳು. "ಹಾಜರಿಗೂ ಸಾಕ್ಷಿ ಕೇಳ್ತೀರಲ್ಲ! ಕೋರ್ಟು ಮಾಡಿಬಿಟ್ರಾ ಇದನ್ನ?"

ಎಲ್ಲರೂ ನಕ್ಕರು. ಚಿಕ್ಕಮ್ಮ ಕೂಗಿಬಿಟ್ಟಳು. "ಅಳಿಸೇ!"

ಅವಳು ಕೂಗಿದ್ದನ್ನು ಯಾರೂ ಹಿಂದೆಂದೂ ಕೇಳಿರಲಿಲ್ಲ. ನಗು ನಿಂತಿತು. ಕೆಳಗಿನಿಂದ ಚಿಕ್ಕಪ್ಪನ ಮೆಷಿನ್ನಿನ ಕಟಕಟ ಮಾತ್ರ. ಭಾಷಣದ ಹಾಳೆ ಅವಳ ಮುಷ್ಟಿಯಲ್ಲಿ ಒದ್ದೆಯಾಗಿತ್ತು. ಮೇಜು ಹಿಡಿದು ಎದ್ದು ನಿಂತು, ಮೇಡಂ ಕಡೆ ನೋಡದೆ ಹೇಳಿದಳು.

"ಒಂದು ಲೈನ್ ಕ್ಲಿಯರನ್ನ, ತಗೊಂಡವರ ಬಾಯಿಂದ ಕೇಳದೆ, ಬೇರೆ ದನಿಯಿಂದ ವಾಪಸ್ ತಗೊಂಡೆ. ಪುಸ್ತಕದಲ್ಲಿ ತಗೊಂಡವರೇ ಕೊಟ್ರು ಅಂತ ಬರೆದೆ. ಹಿಡಿಕೆ ಮೇಲೆ ಕೈಯಿಟ್ಟಿದ್ದೆ. ಆಗ ಕಂಬದ ಮೇಲೆ ಜೀವ ಇತ್ತು."

ದಿನಾಂಕ ಹೇಳಿದಳು, ನಂಬರ್ ಹೇಳಿದಳು, ಸಾಹೇಬರಿಗೆ ಹೇಳಿದ ಸ್ಪ್ರಿಂಗಿನ ಸುಳ್ಳನ್ನೂ ಹೇಳಿದಳು. ಕಂಬದ ಮೇಲಿದ್ದವರು ಯಾರು, ಫೋನ್ ಮಾಡಿದವರು ಯಾರು ಎಂದು ಹೇಳಲಿಲ್ಲ. ಅಷ್ಟರಲ್ಲಿ ಗ್ಯಾಸ್ ಗುಮಾಸ್ತೆ "ಏನ್ರೀ ಈ ಬೀದಿ, ಒಂದು ಗಾಡಿಗೂ ಜಾಗ ಇಲ್ಲ" ಎನ್ನುತ್ತಾ ಮೇಲೆ ಬಂದು, ಎಲ್ಲರ ಮುಖ ನೋಡಿ ಬಾಗಿಲಲ್ಲೇ ನಿಂತಳು.

ಸೋಲಾರಿನವಳು ಮೊದಲು ಎದ್ದಳು. "ನಾನು ಕೆಲಸದ ವಿಷಯ ಕೇಳೋಕೆ ಬಂದೆ. ಇಲಾಖೆಯವರ ಮುಂದೆ ಇಂಥದ್ದನ್ನ ಹೇಳ್ಕೊಂಡು ಕೂತ್ರೆ ನಾಳೆ ನಮಗ್ಯಾರು ಕೆಲಸ ಕೊಡ್ತಾರೆ ಅಕ್ಕಾ? ನಿಮ್ಮ ಹೆಸರಿನ ಜೊತೆ ನಮ್ಮ ಹೆಸರೂ ಇದೆ ಆ ಹಾಜರಿ ಪುಸ್ತಕದಲ್ಲಿ." ಅವಳ ಹಿಂದೆ ಇನ್ನಿಬ್ಬರು, ಮತ್ತೆ ನಾಲ್ವರು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮೀಟರ್ ಅಕ್ಕನ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಯಿತು. ಅವಳು ಚಿಕ್ಕಮ್ಮನ ಮುಖ ನೋಡಲಿಲ್ಲ. ಕೊನೆಯವಳಾಗಿ ಎದ್ದು ಹೋದಳು. ಒಟ್ಟು ಹನ್ನೊಂದು ಜನ.

ಹೋದವರು ಕೇಳಿದ್ದು ಇಲ್ಲಿಯ ತನಕ. ಮುಂದಿನದು ಇದು.

ಹಿಂದಿನ ಸಾಲಿನಿಂದ ಗುಬ್ಬಿ ಎದ್ದಳು. ಗೋಡೆ ಹಿಡಿದುಕೊಂಡಿದ್ದಳು. ಇಪ್ಪತ್ತು ಅಡಿ ಎತ್ತರದಲ್ಲಿ ಕೂತು ಹಾಡು ಗುನುಗುವವಳಿಗೆ ಅವತ್ತು ನೆಲದ ಮೇಲೆ ಆಸರೆ ಬೇಕಾಯಿತು. "ಮೇಲಿದ್ದವಳು ನಾನು ಮೇಡಂ. ಬೇರೆಯವರ ಬಾಯಲ್ಲಿ ವಾಪಸ್ ಕಳಿಸಿದ್ದು ನನ್ನ ತಪ್ಪು. ವಾಪಸ್ ಕೊಟ್ಟ ಮೇಲೆ ಹತ್ತಿದ್ದು ಇನ್ನೂ ದೊಡ್ಡ ತಪ್ಪು." ಅಷ್ಟು ಹೇಳಿ ಕೂತಳು. ಫೋನ್ ಮಾಡಿದವರು ಯಾರೆಂದು ಮೇಡಂ ಕೇಳಿದರು. "ಅದನ್ನ ಅವರೇ ಹೇಳಬೇಕು ಮೇಡಂ" ಎಂದಳು ಚಿಕ್ಕಮ್ಮ.

ಮೇಡಂ ಕಿಟಕಿಯಿಂದ ಚಿಕ್ಕಮ್ಮನ ಕಡೆ ತಿರುಗಿದರು. "ನಾನು ಕೇಳಿಸ್ಕೊಂಡಿದ್ದನ್ನ ಕೇಳಿಲ್ಲ ಅನ್ನೋಕಾಗಲ್ಲಮ್ಮ."

"ಗೊತ್ತು ಮೇಡಂ."

"ನಿಮ್ಮ ಕೆಲಸಕ್ಕೆ ಏನಾಗುತ್ತೆ ಅಂತ ಹೇಳೋಕೂ ಆಗಲ್ಲ. ಈ ಹುಡುಗೀದೂ."

"ಗೊತ್ತು."

"ಮುಂದಿನ ವಾರವೆಲ್ಲ ನಾನು ಊರಲ್ಲಿರಲ್ಲ. ಅದರಾಚೆ ಸೋಮವಾರ ಬರ್ತೀನಿ. ಅವತ್ತು ನೀವೇ ಬರೆದು ಕೊಟ್ರೆ ಅದು ನಿಮ್ಮ ಮಾತು. ಕೊಡದೇ ಇದ್ರೆ ನಾನು ಬರೀಬೇಕಾಗುತ್ತೆ, ಅದು ನನ್ನ ಮಾತು." ತರಬೇತಿ ಕಟ್ಟಡದ ಕೋಣೆಯ ವಿಷಯ ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಮೆಟ್ಟಿಲು ಇಳಿಯುವ ಮುಂಚೆ ಅವರು ಹಾಜರಿ ಪುಸ್ತಕದ ಹತ್ತಿರ ಬಂದು, "ನನ್ನನ್ನೂ ಕರೀರಿ" ಎಂದರು. ಅಕ್ಕನ ಮಗಳು ಕರೆದಳು. "ಬಂದಿದ್ದೀನಿ" ಎಂದು ಹೇಳಿ ಹೊರಟರು.

ಉಳಿದವರು ಹನ್ನೆರಡು ಜನ. ಆಮೇಲೆ ಬಂಕಿನವಳು ತನ್ನ ಉಗುರು ನೋಡಿಕೊಳ್ಳುತ್ತಾ, "ನಂದೂ ಒಂದಿದೆ. ಆದ್ರೆ ಇವತ್ತು ಹೇಳೋ ಧೈರ್ಯ ಇಲ್ಲ" ಎಂದಳು. ಯಾರೂ ಒತ್ತಾಯ ಮಾಡಲಿಲ್ಲ.

ಅವತ್ತು ಸಂಜೆಯೊಳಗೆ ಫೋನಿನ ಗುಂಪಿನಿಂದ ಏಳು ಜನ ಬಿಟ್ಟುಹೋದರು. ಒಂದೊಂದು ಹೆಸರು ಹೋದಾಗಲೂ ಚಿಕ್ಕಮ್ಮ ನೋಡಿದಳು. ಮೀಟರ್ ಅಕ್ಕ ಬಿಟ್ಟುಹೋಗಲಿಲ್ಲ, ಮಾತೂ ಆಡಲಿಲ್ಲ. ಚಿಕ್ಕಮ್ಮ ಎರಡು ಸಲ ಅವಳ ಬೀದಿಯ ತುದಿಯ ತನಕ ಹೋಗಿ ಬಂದಳು. ಬಾಗಿಲು ತಟ್ಟಲಿಲ್ಲ. ನೂರು ಬಾಗಿಲು ತಟ್ಟುವವಳ ಬಾಗಿಲು ತಟ್ಟುವುದು ಅಷ್ಟು ಕಷ್ಟ ಎಂದು ಗೊತ್ತಿರಲಿಲ್ಲ ಎಂದಳು.

ಗುರುವಾರ ಒಂದು ಹೊಸ ನಂಬರಿನಿಂದ ಸಂದೇಶ ಬಂತು. ಗಾಡಿಗಳ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯವಳಂತೆ, ಯಾರೋ ಹೇಳಿದರಂತೆ. "ಸಭೆ ಯಾವಾಗ? ನನಗೂ ಒಂದು ಹೇಳೋದಿದೆ, ನಾಲ್ಕು ತಿಂಗಳಿಂದ ನಿದ್ದೆ ಇ‌ಲ್ಲ." ಶುಕ್ರವಾರ ಇನ್ನೆರಡು. ಚಿಕ್ಕಮ್ಮನಿಗೆ ಖುಷಿಯಾಗಲಿಲ್ಲ, ಇನ್ನೂ ಹೆದರಿಕೆಯಾಯಿತು. ಇಷ್ಟು ಜನ ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರಿನ ಸ್ವಿಚ್ಚು, ಸಿಲಿಂಡರು, ಪಂಪು ಮುಟ್ಟುತ್ತಿದ್ದಾರಲ್ಲ ಎಂದು.

ಇವತ್ತು ಭಾನುವಾರ, ಆ ಸೋಮವಾರದ ಹಿಂದಿನ ದಿನ. ಮಧ್ಯಾಹ್ನ ಕತ್ತರಿಸುವ ಮೇಜಿನ ಮೇಲೆ ಚಿಕ್ಕಮ್ಮ ಪತ್ರ ಬರೆದಳು. ಚಿತ್ತುಕಾಟಾಗಿ ಮೂರು ಹಾಳೆ ಹಾಳಾದವು. ಚಂದ ಮಾಡಿ ಬರೆದುಕೊಡಲಾ ಎಂದು ಅಕ್ಕನ ಮಗಳು ಕೇಳಿದಳು. ಬೇಡ ಎಂದಳು, ಓರೆಕೋರೆಯಾದರೂ ತನ್ನದೇ ಅಕ್ಷರ ಇರಲಿ ಎಂದಳು. ಗುಬ್ಬಿ ಬಂದು ತನ್ನದನ್ನು ಬೇರೆ ಹಾಳೆಯಲ್ಲಿ ಬರೆದಳು. ಚಿಕ್ಕಪ್ಪ ಮೆಷಿನ್ ತುಳಿಯುವುದನ್ನು ನಿಲ್ಲಿಸಿ, ಎರಡಕ್ಕೂ ಲಕೋಟೆ ತಂದುಕೊಟ್ಟ. ತಮಾಷೆ ಮಾಡಲಿಲ್ಲ. ಎರಡು ಪತ್ರದಲ್ಲೂ ಮೀಟರ್ ಅಕ್ಕನ ಹೆಸರಿಲ್ಲ. "ಒಬ್ಬರು ಫೋನ್ ಮಾಡಿದರು" ಎಂದಷ್ಟೇ ಇದೆ. ಅವಳು ಇದನ್ನು ಓದಿದರೆ ತಿಳಿಯಲಿ: ಇದು ಗುಂಪಿನ ಒಳಗೇ ಉಳಿಯುವ ಬರಹ, ಇಲಾಖೆಯ ಮುಂದೆ ಅವಳ ಮಾತನ್ನು ಅವಳ ಬದಲು ಯಾರೂ ಆಡುವುದಿಲ್ಲ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಚಿಕ್ಕಮ್ಮ ಸ್ಟೇಷನ್ನಿಗೆ ಹೋಗುತ್ತಾಳೆ. ಪುಸ್ತಕದ ಆ ಹಾಳೆ ತೆಗೆದು, ಗುಬ್ಬಿಯ ಹೆಸರಿನ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ನಡೆದದ್ದನ್ನು ಪಕ್ಕದಲ್ಲಿ ಬರೆದು, ಅದು ನಡೆದ ದಿನದ ತಾರೀಕಲ್ಲ, ನಾಳಿನ ತಾರೀಕೇ ಹಾಕಿ ಸಹಿ ಮಾಡುತ್ತಾಳೆ. ಹತ್ತು ಗಂಟೆಗೆ ಸಾಹೇಬರಿಗೆ ಒಂದು ಪ್ರತಿ, ಮೇಡಂಗೆ ಒಂದು ಪ್ರತಿ ಕೊಡುತ್ತಾಳೆ. ಅಕ್ಕನ ಮಗಳು ಗೇಟಿನ ತನಕ ಜೊತೆಗೆ ಹೋಗಿ, ಅಲ್ಲೇ ಕಾಯುತ್ತಾಳೆ.